ಪತ್ತೇದಾರಿ ಪುಸ್ತಕಗಳೂ ನಮ್ಮಜ್ಜಿಯೂ

ಪತ್ತೇದಾರಿ ಕಾದಂಬರಿಗಳನ್ನು ಓದುವವರಲ್ಲಿ ಎರಡು ಪಂಗಡ. ಎಲ್ಲರೆದುರಿಗೆ ಓದುವವರದು ಒಂದು. ಕಾವ್ಯಮೀಮಾಂಸೆಯ ನೋಟ್ಸಿನ ನಡುವೆ ಇಟ್ಟುಕೊಂಡು ಓದುವವರದು ಇನ್ನೊಂದು. ನಮ್ಮ ಕಾಲೇಜಿನಲ್ಲಿ ಎರಡನೆಯವರೇ ಹೆಚ್ಚು. ಅಧ್ಯಾಪಕ ವರ್ಗದಲ್ಲಿಯೂ ಕೆಲವರಿದ್ದಾರೆಂದು ನನಗೆ ಗುಮಾನಿ. ಸಾಕ್ಷ್ಯ ಸಾಲದು, ಆದುದರಿಂದ ಹೆಸರು ಹೇಳಲಾರೆ. ನಾನು ಮಾತ್ರ ಮೊದಲನೆಯ ಪಂಗಡದವನು.

ನಮ್ಮ ಮನೆಯಲ್ಲಿ ಕ್ಯಾಲೆಂಡರು, ರೇಷನ್ ಕಾರ್ಡು, ಪಹಣಿ ಪತ್ರ, ಇವುಗಳನ್ನು ಬಿಟ್ಟರೆ ಅಚ್ಚಾದ ಕಾಗದವೇ ಇರಲಿಲ್ಲ. ತಾತನವರು ವರ್ತೂರು ಕೆರೆಯ ಕೆಳಗೆ ಭತ್ತ ಬೆಳೆದವರು. ತಂದೆಯವರು ನೀರಿನ ಟ್ಯಾಂಕರ್ ಓಡಿಸುತ್ತಾರೆ. ಬಿ.ಎ. ತರಗತಿಯ ಬೆಂಚಿನ ಮೇಲೆ ಕುಳಿತವನು ನಾನೇ ಮೊದಲು. ಇಂಥ ಮನೆಯ ಹುಡುಗನಿಗೆ ಓದುವ ಚಟ ಹತ್ತಿದುದು ಪಂಪನಿಂದಲ್ಲ, ಎನ್. ನರಸಿಂಹಯ್ಯನವರಿಂದ. ರದ್ದಿ ಅಂಗಡಿಯಲ್ಲಿ ಸಿಕ್ಕಿದ ಆ ಪ್ರತಿಗೆ ರಟ್ಟೂ ಇರಲಿಲ್ಲ, ಕಡೆಯ ನಾಲ್ಕು ಪುಟಗಳೂ ಇರಲಿಲ್ಲ. ಕೊಂದವನಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಆ ನಾಲ್ಕು ಪುಟಗಳಿಗಾಗಿ ನಾನು ಗ್ರಂಥಾಲಯದ ಬಾಗಿಲು ತಟ್ಟಿದೆ. ತಾವು ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿ, ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದು, 2011ರಲ್ಲಿ ತೀರಿಕೊಂಡ ಆ ಮಹನೀಯರಿಗೆ ನನ್ನಂಥ ಎಷ್ಟು ಓದುಗರು ಋಣಿಗಳೋ! ಪತ್ತೇದಾರಿ ಬರೆಯುವವರು ಹಗುರ ಜನ ಎನ್ನುವವರು ಮ. ರಾಮಮೂರ್ತಿಯವರನ್ನೂ ನೆನೆಯಬೇಕು. ನಾವು ನವೆಂಬರಿನಲ್ಲಿ ಹಾರಿಸುವ ಹಳದಿ-ಕೆಂಪು ಬಾವುಟವನ್ನು ಕೊಟ್ಟವರೇ ಒಂದು ಕಾಲಕ್ಕೆ ರಾಶಿ ರಾಶಿ ಪತ್ತೇದಾರಿ ಕಾದಂಬರಿಗಳನ್ನು ಬರೆದವರು.

ಈಗ ನಮ್ಮಜ್ಜಿಯ ವಿಷಯ. ಅವರಿಗೆ ಅಕ್ಷರ ಬಾರದು. ರಾತ್ರಿ ಊಟವಾದ ಮೇಲೆ ನಾನು ಗಟ್ಟಿಯಾಗಿ ಓದಬೇಕು. ಅವರು ಎಲೆ ಅಡಿಕೆ ಹಾಕಿಕೊಂಡು ಕೇಳಬೇಕು. ಇದು ಮೂರು ವರ್ಷಗಳ ಪದ್ಧತಿ. ಒಂದು ರಾತ್ರಿ ಪತ್ತೇದಾರನು ಬೂಟಿನ ಗುರುತು, ಬೀಡಿಯ ತುಂಡು ಎಲ್ಲವನ್ನೂ ಜೋಡಿಸಿ ಕೊಲೆಗಾರನ ಕೈಗೆ ಬೇಡಿ ತೊಡಿಸಿದ. ನಾನು ಜಯಘೋಷದೊಡನೆ ಪುಸ್ತಕ ಮುಚ್ಚಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಿರ್ಲಿ ಕಣಪ್ಪ, ಸತ್ತೋದೋಳ ಮಕ್ಕಳ್ನ ಯಾರು ನೋಡ್ಕಂಡ್ರು?" ಎಂದರು. ಪುಟ ತಿರುವಿ ಹುಡುಕಿದೆ. ಮೊದಲ ಅಧ್ಯಾಯದಲ್ಲಿ ಹೆಣದ ಪಕ್ಕದಲ್ಲಿ ಅಳುತ್ತಿದ್ದ ಆ ಎರಡು ಮಕ್ಕಳು ಎರಡನೆಯ ಅಧ್ಯಾಯದಿಂದಾಚೆಗೆ ಎಲ್ಲಿಯೂ ಇರಲಿಲ್ಲ. ಗ್ರಂಥಕರ್ತರು ಅವರನ್ನು ಮರೆತಿದ್ದರು. ಅಂದಿನಿಂದ ಯಾವ ರಹಸ್ಯದ ಪುಸ್ತಕ ಹಿಡಿದರೂ ಈ ಪ್ರಶ್ನೆಯೇ ನನಗೆ ಅಳತೆಗೋಲಾಗಿದೆ.

ಈ ಕೋಲಿನಿಂದ ಅಳೆದರೆ ಕೆಲವು ಹೆಸರಾಂತ ಪುಸ್ತಕಗಳು ಗಿಡ್ಡವಾಗುತ್ತವೆ. ಕೆ.ಎನ್. ಗಣೇಶಯ್ಯನವರ 'ಕನಕ ಮುಸುಕು'ವನ್ನೇ ನೋಡಿ. ಕೃಷಿ ವಿಜ್ಞಾನಿಗಳಾದ ಇವರು ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವೇ ಎಂಬ ಪ್ರಶ್ನೆಯಿಂದ ಒಂದು ಬೇಟೆಯನ್ನೇ ಹುಟ್ಟಿಸುತ್ತಾರೆ. ಕಾದಂಬರಿಗೆ ಅಡಿಟಿಪ್ಪಣಿ ಹಾಕುವ ಧೈರ್ಯ ಬೇರೆ! ಒಗಟು ನನ್ನನ್ನು ಎರಡು ರಾತ್ರಿ ನಿದ್ದೆಗೆಡಿಸಿತು. ಆದರೆ ಅದರೊಳಗಿನ ಜನ ನನಗೆ ನೆನಪುಳಿಯಲಿಲ್ಲ. ಜೋಳದ ತೆನೆ ಉಳಿಯಿತು. ಅಜ್ಜಿ ಅರ್ಧಕ್ಕೇ ನಿದ್ದೆಹೋದರು.

ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಕೇಳುವಾಗ ಅವರು ನಿದ್ದೆ ಮಾಡಲಿಲ್ಲ. ತೆಲುಗಿನಿಂದ ಬಂದು ಕನ್ನಡದಲ್ಲಿ ಮನೆಮಾತಾದ ಈ ಕಾದಂಬರಿ 1985ರಲ್ಲಿ ಚಲನಚಿತ್ರವೂ ಆಯಿತು. ಹಣದಾಸೆಗೆ ಒಂದು ಪುಟ್ಟ ಹುಡುಗಿಯ ಮೇಲೆ ಮಾಟ ಮಾಡಿಸುವ ಕಥೆ. ಮೂಢನಂಬಿಕೆಗೆ ನೀರೆರೆಯುವ ಪುಸ್ತಕವೆಂದು ಬೈದವರುಂಟು. ಆ ಬೈಗುಳದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನನ್ನ ಬೆನ್ನು ತಣ್ಣಗಾದುದು ಮಂತ್ರದಿಂದಲ್ಲ, ಹಣದ ಲೆಕ್ಕದಿಂದ. ಎಕರೆಯ ಲೆಕ್ಕ ಹೋಗಿ ಚದರಡಿಯ ಲೆಕ್ಕ ಬಂದ ಮೇಲೆ ನಮ್ಮ ಕಡೆ ಒಂದೇ ತಾಯಿಯ ಮಕ್ಕಳು ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟದಂತಾಗಿರುವುದನ್ನು ಕಂಡವನಿಗೆ ಕಾಷ್ಮೋರ ಬೇರೆ ಬೇಕಿಲ್ಲ.

ಅಜ್ಜಿಯ ಬಳಿ ಅವರದೇ ಸ್ವಂತ ಸರಕೂ ಇತ್ತು. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ರಾತ್ರಿ ದೆವ್ವವೊಂದು ಪರಿಚಿತರ ದನಿಯಲ್ಲಿ ಕರೆದು ಬಾಗಿಲು ತಟ್ಟುತ್ತದೆಂಬ ಸುದ್ದಿ ಹಬ್ಬಿ, ಜನ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದರಷ್ಟೆ. ನಮ್ಮಜ್ಜಿ ಪಕ್ಕದ ಮನೆಯ ಹುಡುಗನ ಕೈಯಲ್ಲಿ ಬರೆಸಿದ್ದರಂತೆ. ದೆವ್ವ ಬಂದು, ಓದಿಕೊಂಡು, ನಾಳೆ ಬರೋಣವೆಂದು ಹಿಂತಿರುಗುತ್ತಿತ್ತಂತೆ. ಹಾಗಾದರೆ ನಮ್ಮ ಮನೆಯ ಬಾಗಿಲಿಗೆ ಬಂದ ಮೊದಲ ಅಕ್ಷರಸ್ಥ ಆ ದೆವ್ವವೇ, ನಾನು ಎರಡನೆಯವನು.

ಕೆನೆತ್ ಆಂಡರ್ಸನ್ನನ ಬೇಟೆಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕತೆಗಳು' ಎಂದು ಕನ್ನಡಕ್ಕೆ ತಂದಿದ್ದಾರೆ. ಒಂದು ಸಂಪುಟದ ಹೆಸರು 'ಬೆಳ್ಳಂದೂರಿನ ನರಭಕ್ಷಕ'. ನಮ್ಮೂರ ಗೆಳೆಯರು ಆ ರಟ್ಟು ಕಂಡೊಡನೆ ಕಣ್ಣರಳಿಸುತ್ತಾರೆ. ಆ ಬೆಳ್ಳಂದೂರು ಮಲೆನಾಡಿನದು, ರಿಂಗ್ ರಸ್ತೆಯದಲ್ಲ. ಆದರೆ 'ಜಾಲಹಳ್ಳಿಯ ಕುರ್ಕ'ದ ಜಾಲಹಳ್ಳಿ ನಮ್ಮ ಪೀಣ್ಯದ ಪಕ್ಕದ್ದೇ! ನಮಗೂ ಒಂದು ಚಿರತೆ ಒದಗಿತ್ತು. 2016ರ ಫೆಬ್ರವರಿ 7ರ ಭಾನುವಾರ ವರ್ತೂರಿನ ಹತ್ತಿರದ ಶಾಲೆಯೊಂದಕ್ಕೆ ಅದು ನುಗ್ಗಿ, ಹಿಡಿಯಲು ಹೋದವರನ್ನು ಗಾಯಗೊಳಿಸಿತು. ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರೂ ಗಾಯಗೊಂಡರು. ಅರಿವಳಿಕೆ ಕೊಟ್ಟು ಬನ್ನೇರುಘಟ್ಟಕ್ಕೆ ಸಾಗಿಸಿದರೆ ಕೆಲವೇ ದಿನಗಳಲ್ಲಿ ಅಲ್ಲಿಂದಲೂ ಪರಾರಿಯಾಯಿತು. ಆಂಡರ್ಸನ್ನನಲ್ಲಿ ನನಗೆ ಮೆಚ್ಚಿಕೆಯಾದುದು, ಕೊಲ್ಲುವ ಪ್ರಾಣಿಯ ಕಡೆಯ ಮಾತನ್ನೂ ಆತ ಕೇಳಿಸಿಕೊಳ್ಳುವುದು. ಎಷ್ಟೋ ಕಡೆ ಅದರ ಹಿಂದೆ ಯಾವನೋ ಗುರಿಯಿಲ್ಲದೆ ಹಾರಿಸಿದ ಗುಂಡಿನ ಹಳೆಯ ಗಾಯವಿರುತ್ತದೆ. "ಪಾಪ, ಅದ್ಕೂ ಹೊಟ್ಟೆ" ಎಂದು ಅಜ್ಜಿ ತೀರ್ಪಿತ್ತರು.

ಇವೆಲ್ಲಕ್ಕೂ ಮಿಗಿಲೆಂದು ನಾನು ಹೇಳುವುದು ತೇಜಸ್ವಿಯವರ 'ಚಿದಂಬರ ರಹಸ್ಯ'. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದರಿಂದ ಇದನ್ನು ಯಾರೂ ನೋಟ್ಸಿನೊಳಗೆ ಅಡಗಿಸಬೇಕಾಗಿಲ್ಲ. ಕೆಸರೂರಿನಲ್ಲಿ ಏಲಕ್ಕಿಯ ಇಳುವರಿ ಏಕೆ ಕುಸಿಯಿತು, ವಿಜ್ಞಾನಿ ಜೋಗಿಹಾಳ್ ಸತ್ತುದು ಹೇಗೆ, ಎಂದು ಅಂಗಡಿ ಎಂಬ ಅಧಿಕಾರಿ ಪತ್ತೆ ಮಾಡಲು ಹೊರಡುತ್ತಾನೆ. ಎಳೆ ಹಿಡಿದೆಳೆದಷ್ಟೂ ಊರೆಲ್ಲ ಬಿಚ್ಚಿಕೊಳ್ಳುತ್ತದೆ. ಬೇಡಿ ತೊಡಿಸಲು ಒಂದು ಕೈ ಸಿಗುವುದಿಲ್ಲ. ಕೊನೆಗೆ ಬೆಂಕಿ ಬರುತ್ತದೆ. ಹೆಚ್ಚು ಹೇಳಿದರೆ ಓದದವರು ಶಪಿಸಿಯಾರು.

ಆ ಬೆಂಕಿಯ ಪುಟಗಳನ್ನು ಓದುತ್ತಿದ್ದಾಗ ಅಜ್ಜಿ, "ನಮ್ ಕಡೆ ಕೆರೇನೇ ಉರೀತಲ್ಲ" ಎಂದರು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು, 2017ರಲ್ಲಿ ಹತ್ತಿತು, 2018ರ ಜನವರಿಯಲ್ಲಿ ಹತ್ತಿದಾಗ ಸೈನಿಕರೂ ಬಂದು ಆರಿಸಬೇಕಾಯಿತು. ಆ ಕೆರೆಯ ನೀರು ಹರಿದು ಬರುವುದು ನಮ್ಮ ವರ್ತೂರು ಕೆರೆಗೆ. ನಗರದ ಬಚ್ಚಲುಗಳ ಸೋಪಿನ ನೀರು ಕೋಡಿಯಲ್ಲಿ ಧುಮುಕಿ, ಕಡೆದ ಮಜ್ಜಿಗೆಯಂತೆ ನೊರೆಯೆದ್ದು, ಗಾಳಿಗೆ ಹಾರಿ, ರಸ್ತೆಯಲ್ಲಿ ಹೋಗುವವರ ಮೈಮೇಲೆ ಬೀಳುತ್ತಿತ್ತು. ಶಾಲೆಗೆ ಹೋಗುವ ನಮಗೆ ಅದು ಹಿಮದ ಆಟ. ಆಮೇಲೆ ಮೈಯೆಲ್ಲ ತುರಿಕೆ. ಇದೇ ನೀರಿನಲ್ಲಿ ಅಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ಅಕ್ಕಿ ತೊಳೆದಿದ್ದರಂತೆ. ಈಚೆಗೆ ಹೂಳೆತ್ತಿಸಿದರು.

ಈ ಕೆರೆಯ ಪ್ರಕರಣವನ್ನು ಪುರುಷೋತ್ತಮನಿಗೆ ಒಪ್ಪಿಸಿದರೆ ಅವನು ಯಾರನ್ನು ಹಿಡಿದಾನು? ಸಾಕ್ಷ್ಯದ ಜಾಡು ಹಿಡಿದು ಹೊರಟರೆ ನಮ್ಮ ಮನೆಗೂ ಬರಬೇಕು. ತಂದೆಯವರು ಬೋರ್‌ವೆಲ್ಲಿನಿಂದ ತುಂಬಿಸಿ ಮುಂಜಾನೆ ಅಪಾರ್ಟ್‌ಮೆಂಟಿಗೆ ಸುರಿದ ನೀರಿನಲ್ಲಿ ಒಂದಿಷ್ಟಾದರೂ ಸೋಪು ಕಲಸಿಕೊಂಡು ಆ ಕಡೆಗೇ ಹೊರಟಿರುತ್ತದೆ. ಆ ಟ್ಯಾಂಕರಿನ ಸಂಪಾದನೆಯಲ್ಲಿ ನನ್ನ ಕಾಲೇಜು ಫೀಜಿದೆ. ಇದನ್ನು ತಂದೆಯವರ ಮುಂದೆ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. "ನಂಗೊತ್ತಿಲ್ವೇನಪ್ಪ? ನೀನು ಬರಿ," ಎಂದು ಗಾಡಿಯ ಬೀಗದ ಕೈ ತೆಗೆದುಕೊಂಡು ಹೊರಟರು. ಮಾರನೆಯ ರಾತ್ರಿಯಿಂದ ಅವರೂ ಬಾಗಿಲ ಬಳಿ ಕುಳಿತು ಕಥೆ ಕೇಳುತ್ತಿದ್ದಾರೆ, ಕೇಳದವರಂತೆ.

ಈಗ ನಡೆದಿರುವುದು 'ಜುಗಾರಿ ಕ್ರಾಸ್'. ಹಾಲ್ ಟಿಕೆಟ್ ಕೊಡುವ ಮುನ್ನ ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಹಿಂತಿರುಗಿಸತಕ್ಕದ್ದೆಂದು ಸೂಚನಾ ಫಲಕದಲ್ಲಿ ಹಾಕಿದ್ದಾರೆ. ಇನ್ನೂ ಎಪ್ಪತ್ತು ಪುಟಗಳಿವೆ. ಗ್ರಂಥಪಾಲಕರು ನಮ್ಮ ಮನೆಯ ಮೂವರ ಮೇಲೆ ದಯವಿಟ್ಟು ಒಂದು ವಾರ ಗಡುವು ಮುಂದೂಡಬೇಕಾಗಿ ಈ ಮೂಲಕ ಕೋರುತ್ತೇನೆ.