ಜೀಪಿನ ಹಿಂದಿನ ಸೀಟು

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕೆಲಸ ಜಾಸ್ತಿ ಅಂತ ಸುಳ್ಳು ಹೇಳೋದಿಲ್ಲ. ರಜೆ ಸಿಕ್ಕಾಗೆಲ್ಲ ಗದಗಿಗೆ ಓಡುತ್ತಿದ್ದೆ. ಕಾರಣ ಹೇಳಿದರೆ ನಗ್ತೀರಿ. ಒಂದು ಸೀಟು ಹುಡುಕುತ್ತಿದ್ದೆ. ಜೀಪಿನ ಹಿಂದಿನ ಸೀಟು :-)

ನಮ್ಮದು 1968ರ ಮಹೀಂದ್ರ ಸಿಜೆ-3ಬಿ. ಹಳೇ ಜೀಪುಗಳ ಸಾಲಿನಲ್ಲಿ ಇದನ್ನು ಗುರುತಿಸೋದು ಸುಲಭ, ಬಾನೆಟ್ಟು ಎತ್ತರಕ್ಕೆ ಎದ್ದು ನಿಂತಿರುತ್ತದೆ. ವಿಲ್ಲೀಸ್ ಕಂಪನಿಯವರು 1953ರಲ್ಲಿ ಎತ್ತರದ ಹರಿಕೇನ್ ಎಂಜಿನ್ ಕೂರಿಸಲು ಜಾಗ ಸಾಲದೆ ಬಾನೆಟ್ಟನ್ನೇ ಎತ್ತರಿಸಿಬಿಟ್ಟರು. ಅಮೆರಿಕದಲ್ಲಿ 1968ಕ್ಕೇ ಈ ಮಾದರಿ ನಿಂತುಹೋಯಿತು. ಆಮೇಲೂ ನಮ್ಮಲ್ಲಿ ಮಹೀಂದ್ರದವರು ವರ್ಷಗಟ್ಟಲೆ ಮಾಡುತ್ತಲೇ ಇದ್ದರು.

ಅಪ್ಪ ಇದನ್ನು ಕೊಂಡಿದ್ದು 1983ರಲ್ಲಿ, ಸೆಕೆಂಡ್ ಹ್ಯಾಂಡ್. ಅವರದು ಹತ್ತಿ ವ್ಯಾಪಾರ. ಮುಂಡರಗಿ, ಶಿರಹಟ್ಟಿ ಕಡೆಯ ಎರೆ ಹೊಲಗಳನ್ನು ನೋಡಿದವರಿಗೆ ಗೊತ್ತು, ಮಳೆ ಬಿದ್ದ ಮೇಲೆ ಆ ಮಣ್ಣು ಗಾಲಿಗೆ ಮೆತ್ತಿಕೊಂಡರೆ ಚಕ್ಕಡಿ ಕೂಡ ಅಲುಗೋದಿಲ್ಲ. 1996ರ ಸುಮಾರಿಗೆ ಚೀಲ ಹೇರಲು ಅನುಕೂಲ ಅಂತ ಹಿಂದಿನ ಸೀಟು ಬಿಚ್ಚಿಸಿದರು. ಅಪ್ಪ 2021ರಲ್ಲಿ ಹೋದರು. ಸೀಟಿಲ್ಲದ ಜೀಪು ಶೆಡ್ಡಿನಲ್ಲಿ ಉಳಿಯಿತು.

ಅಣ್ಣನಿಗೆ ಮಾರುವ ಮನಸ್ಸು. ನನಗೆ ಉಳಿಸಿಕೊಳ್ಳುವ ಆಸೆ. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿದೆ. 50 ವರ್ಷ ದಾಟಿರಬೇಕು. ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ವಿಎ ಅನ್ನೋ ಅಕ್ಷರ. ಆದರೆ ಆ ನಂಬರು ಹಾಕಿಕೊಂಡು ದಿನಾ ಸಂತೆಗೆ ಹೋಗುವ ಹಾಗಿಲ್ಲ. ಸೀಟಿನ ಮಾತು ಆ ಪಟ್ಟಿಯಲ್ಲಿಲ್ಲ, ಆದರೆ ಅಣ್ಣನಿಗೆ ಸಿಕ್ಕ ಬೆಂಗಳೂರಿನ ಗಿರಾಕಿ ಮಾತ್ರ ‘ರೇರ್ ಸೀಟ್ ಒರಿಜಿನಲ್ ಇರಬೇಕು’ ಅಂತ ಹಠ ಹಿಡಿದಿದ್ದ. ಮಾರಲಿ, ಇಟ್ಟುಕೊಳ್ಳಲಿ, ಒರಿಜಿನಲ್ ಸೀಟು ಹಾಕೋಣ ಅಂತ ಇಬ್ಬರೂ ಒಪ್ಪಿದೆವು.

ನಾನು ನೋಡಿದ ಅಮೆರಿಕದ ಫೋಟೋಗಳಲ್ಲೆಲ್ಲ ಹಿಂದಿನ ಸೀಟು ಮುಂದಕ್ಕೆ ಮುಖ ಮಾಡಿದ್ದು, ಎರಡು ಗಾಲಿಗಳ ನಡುವೆ ಕೂರುವ ಪೈಪಿನ ಚೌಕಟ್ಟಿನ ಬೆಂಚು. ಅಂಥದ್ದೇ ಒಂದು ಬೆಟಗೇರಿಯ ಗುಜರಿಯಲ್ಲಿ ಸಿಕ್ಕಿತು. ಆರೂವರೆ ಸಾವಿರ ಕೊಟ್ಟು ತಂದೆ. ಹಿಂದಿನ ಗಾಲಿಗಳ ಮೇಲೆ ಪೆಟ್ಟಿಗೆಯಂತೆ ಉಬ್ಬಿರುವ ತಗಡಿನ ಒಳಬದಿಯಲ್ಲಿದ್ದ ತೂತುಗಳಿಗೆ ಬೋಲ್ಟು ಸರಿಯಾಗಿ ಕೂತವು. ಅದೇ ಪೆಟ್ಟಿಗೆಯ ಮೇಲೆ ಬೇರೆ ನಾಲ್ಕು ತೂತುಗಳೂ ಇದ್ದವು, ಒರಟು ಅಂಚಿನವು. ಒಳಬದಿಯ ತೂತುಗಳ ಅಂಚಿನೊಳಗೂ ಹಳೇ ಬಣ್ಣ ಇಳಿದಿತ್ತು, ಅಂದರೆ ಬಣ್ಣ ಹೊಡೆಯುವ ಮೊದಲೇ ಆದ ತೂತು, ಕಾರ್ಖಾನೆಯದು. ಮೇಲಿನವುಗಳ ಅಂಚಿನಲ್ಲಿ ಬರೀ ತುಕ್ಕು, ಅಂದರೆ ಆಮೇಲೆ ಯಾರೋ ಡ್ರಿಲ್ ಮಾಡಿದ್ದು. ನಾನು ಪತ್ತೇದಾರನ ಥರ ಬೀಗುತ್ತ, ಆ ಮೇಲಿನ ತೂತುಗಳನ್ನು ಮುಚ್ಚಲು ವೆಲ್ಡರ್‌ಗೆ ಹೇಳಿದೆ. ಅವನು ಎರಡನ್ನು ಮುಚ್ಚಿಯೂ ಬಿಟ್ಟ.

ಆಗ ಅವ್ವ ಶೆಡ್ಡಿಗೆ ಬಂದಳು.

“ಇದನ್ನ ಎಲ್ಲಿಂದ ತಂದ್ಯೋ? ನಮ್ಮ ಗಾಡ್ಯಾಗ ಹಿಂಗ ಕುಂದರತಿದ್ದಿಲ್ಲ.”

“ಇದ ಒರಿಜಿನಲ್ ಅವ್ವಾ.”

“ಯಾರಿಗೆ ಒರಿಜಿನಲ್? ನಾವು ಎದುರಾ ಬದುರಾ ಕುಂದರತಿದ್ವಿ. ನಿಮ್ಮಕ್ಕಗ ಹಾವು ಕಡದ ರಾತ್ರಿ ಆಕಿನ್ನ ಈ ಕಡೆ ಮಲಗಿಸಿ, ನಾ ಆ ಕಡೆ ಕುಂತು ಕಾಲು ಹಿಡಕೊಂಡಿದ್ದೆ.”

ಅದು 1989. ಡಂಬಳದ ಹತ್ತಿರ ಹೊಲದಲ್ಲಿ. ಅಕ್ಕನಿಗೆ ಎಂಟು ವರ್ಷ, ನಾನಿನ್ನೂ ಹುಟ್ಟಿರಲಿಲ್ಲ. ಮಳೆಯಲ್ಲೇ ಅಪ್ಪ ಗದಗಿನ ಆಸ್ಪತ್ರೆಗೆ ಜೀಪು ಓಡಿಸಿದ ಕಥೆ ನೂರು ಸಲ ಕೇಳಿದ್ದೆ. ಆದರೆ ಯಾರು ಯಾವ ಕಡೆ ಕೂತಿದ್ದರು ಅಂತ ಒಂದು ಸಲವೂ ಕೇಳಿರಲಿಲ್ಲ. ವೆಲ್ಡರ್ ನನ್ನ ಮುಖ ನೋಡಿದ. ಸಾಕು, ನಿಲ್ಲಿಸು ಅಂದೆ.

ಬಿಚ್ಚಿದ ಸೀಟು ಲಕ್ಷ್ಮೇಶ್ವರದ ಒಂದು ಗ್ಯಾರೇಜಿನಲ್ಲಿ ಇಟ್ಟ ನೆನಪು ಅವ್ವನಿಗೆ. ಉಳಿದ ತೂತುಗಳ ಗುರುತನ್ನು ಒಂದು ರಟ್ಟಿನ ಮೇಲೆ ಎತ್ತಿಕೊಂಡು ಮುಳಗುಂದದ ಮೇಲೆ ಹೋದೆ. ಮುದುಕ ಮಿಸ್ತ್ರಿ ಅಟ್ಟದ ಮೇಲಿನ ನಾಲ್ಕು ಜೊತೆ ಸೀಟು ತೋರಿಸಿದ. ಎಲ್ಲಕ್ಕೂ ಅದೇ ಕಪ್ಪು ರೆಕ್ಸಿನ್ನು.

“ಮ್ಯಾಲಿಂದು ನೋಡಬ್ಯಾಡ್ರೀ, ಅದು ಹತ್ತು ಸಲ ಬದಲಾಗಿರ್ತದ. ಅಡಿಗೆ ನೋಡ್ರಿ” ಅಂದ. ತಿರುವಿ ಹಾಕಿದೆವು. ಮೂರು ಜೊತೆ ಉದ್ದ ಜಾಸ್ತಿ, 540ರಂಥ ಗಾಡಿಗಳವು. ಅವುಗಳ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 91 ಇಂಚು, ನಮ್ಮದಕ್ಕೆ 80. ಹನ್ನೊಂದು ಇಂಚಿನಲ್ಲಿ ಒಬ್ಬ ಮನುಷ್ಯ ಕೂರೋದು ಬಿಡೋದು ತೀರ್ಮಾನ ಆಗುತ್ತೆ. ನಾಲ್ಕನೆಯದು ಗಿಡ್ಡ ಇತ್ತು, ಆದರೆ ಹೊಸ ಕಬ್ಬಿಣ. ರಟ್ಟಿನ ಗುರುತಿಗೂ ಕೂಡಲಿಲ್ಲ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಹಳೇ ಜೀಪನ್ನು ಹೊಸದಾಗಿ ಕಟ್ಟಿಕೊಡುತ್ತಾರಲ್ಲ, ಅಲ್ಲಿಂದ ಬಂದ ಗಾಡಿಯದಂತೆ ಅದು. ಅದನ್ನೇ ನಮ್ಮದು ಅಂತ ನನಗೆ ಮಾರಬಹುದಿತ್ತು, ಮಾರಲಿಲ್ಲ. ಚಹಾ ಕುಡಿಸಿ, “ನಿಮ್ಮಪ್ಪ ಅವನ್ನ ಆವಾಗ್ಲೇ ಶಿರಹಟ್ಟಿ ತಂಗಿ ಮನಿಗೆ ಒಯ್ದಾರಲ್ರೀ” ಅಂದ.

ಸೋದರತ್ತೆಯ ಮನೆ! ಎಷ್ಟು ಸಲ ಹೋಗಿದ್ದೇನೆ. ಅವರ ಕಟ್ಟೆಯ ಮೇಲಿರುವ ಎರಡು ಗಿಡ್ಡ ಬೆಂಚಿನ ಮೇಲೆ ಕೂತು ಎಷ್ಟು ಸಲ ಮಂಡಕ್ಕಿ ತಿಂದಿದ್ದೇನೆ. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಬರುವಷ್ಟರಲ್ಲಿ ನನ್ನ ಮೇಲೇ ನನಗೆ ನಗು. (ಒಂದು ಕಾಲಕ್ಕೆ ಈ ದಾರಿಯಲ್ಲಿ ಹೋಗೋದು ಅಂದರೆ ಮಿರಜ ಸಂಸ್ಥಾನದಿಂದ ಸಾಂಗಲಿ ಸಂಸ್ಥಾನಕ್ಕೆ ಹೋಗೋದು. ನಾನು ಬರೀ ಅಂಗಳದಿಂದ ಕಟ್ಟೆಗೆ ಹೋಗಬೇಕಿತ್ತು.)

ರಟ್ಟು ಇಟ್ಟೆ, ನಾಲ್ಕೂ ಕೂಡಿದವು. ಆದರೂ ಅನುಮಾನ. ಕಪ್ಪು ರೆಕ್ಸಿನ್ ಕೆಳಗೆ ಕೆಂಪು, ಅದರ ಕೆಳಗೆ ಹಸಿರು ಕ್ಯಾನ್ವಾಸು, ಒಳಗೆ ತೆಂಗಿನ ನಾರು. ಫೋಟೋ ತೆಗೆದು ಅವ್ವನಿಗೆ ಕಳಿಸಿದೆ. ತಕ್ಷಣ ಫೋನು.

“ಹಸಿರಿಂದು ಮೂಲಿಗೆ ಹರದೈತೇನು ನೋಡು. ದಬ್ಬಣದ್ಲೆ ಸುತಳಿ ಹಾಕಿ ಹೊಲದಾರ ನಿಮ್ಮಪ್ಪ, ಚೀಲ ಹೊಲದಂಗ.”

ಕೆಂಪನ್ನು ಇನ್ನಷ್ಟು ಸರಿಸಿದೆ. ಇತ್ತು. ದಪ್ಪ ದಪ್ಪ ಹೊಲಿಗೆ, ಹತ್ತಿ ಚೀಲದ ಬಾಯಿ ಹೊಲಿದ ಹಾಗೆಯೇ, ಕೊನೆಯಲ್ಲಿ ಎರಡು ಗಂಟು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ ನಾನು. ಅತ್ತೆ “ಚಹಾ ಇಡ್ಲ್ಯಾ?” ಅಂದರು.

ಅತ್ತೆಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟು ಬೆಂಚು ಎತ್ತಿಕೊಂಡು ಬಂದೆ. ಮುಚ್ಚಿದ್ದ ಎರಡು ತೂತು ಮತ್ತೆ ಕೊರೆಸಿದ್ದಾಯ್ತು, ಆ ವೆಲ್ಡರ್‌ನೇ, ಎರಡು ಸಲ ದುಡ್ಡು. ಕಳೆದ ವಾರ ಅಕ್ಕ ಹುಬ್ಬಳ್ಳಿಯಿಂದ ಬಂದಿದ್ದಳು. ಅವಳೂ ಅವ್ವನೂ ಎದುರಾಬದುರು ಕೂತರು, ಮೊಣಕಾಲಿಗೆ ಮೊಣಕಾಲು ಬಡಿಯುತ್ತದೆ, ಅಷ್ಟೇ ಜಾಗ. “ಆವತ್ತು ನಾ ಬಲಗಡೆ ಇದ್ದೆ” ಅಂದಳು ಅಕ್ಕ. “ಎಡಕ್ಕ” ಅಂದಳು ಅವ್ವ. ಅದಿನ್ನೂ ಬಗೆಹರಿದಿಲ್ಲ.

ಅಣ್ಣ ಸ್ಟೇರಿಂಗ್ ಹಿಡಿದು ಶೆಡ್ಡಿನಲ್ಲೇ ಸುಮ್ಮನೆ ಕೂತಿದ್ದ. ಗಿರಾಕಿಗೆ ಇನ್ನೂ ಫೋನು ಮಾಡಿಲ್ಲ. ನಾನೂ ವಿಎ ಅರ್ಜಿ ತುಂಬಿಲ್ಲ.

ಬೆಟಗೇರಿಯ ಸೀಟು ಹಾಗೇ ಬಿದ್ದಿದೆ. ಸಿಜೆ-3ಬಿ ಇಟ್ಟವರು ಯಾರಾದರೂ ಇದ್ದರೆ ಹೇಳಿ, ಅದು ಪಕ್ಕಾ ಒರಿಜಿನಲ್. ಐದು ಸಾವಿರಕ್ಕೆ ಕೊಡ್ತೀನಿ.