ಹದ್ದು ಸುತ್ತುವ ದಾರಿಯಲ್ಲಿ ಹಾರಿಹೋದವರ ನೆನಪು

ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗುವ ರಸ್ತೆಯಲ್ಲಿ ನೋಡಲು ಏನಿದೆ ಎಂದು ಕೇಳುವವರುಂಟು. ಬಿಸಿಲು, ಎರೆಹೊಲ, ಬಂಡೆಗುಡ್ಡ ಎಂದು ಮೂರು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ವಿಜ್ಞಾನದ ಮೇಷ್ಟ್ರಾದ ನಾನು ಮಕ್ಕಳಿಗೆ ಹೇಳುವುದಿಷ್ಟೆ: ನೆಲ ನೋಡಿ ಬೇಸರವಾದರೆ ಆಕಾಶ ನೋಡಿ.

ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳಿವೆ. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಅಲ್ಲಿನ ಗಾಳಿ ಬೇಗ ಕಾಯುವುದಿಲ್ಲ. ಮಸ್ಕಿ ಹತ್ತಿರವಾದಂತೆ ಒಣನೆಲ, ಬೋಳುಬಂಡೆ ಕಾಣುತ್ತವೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಕಂಬದಂತೆ ಮೇಲೇರುತ್ತದೆ. ಆ ಕಂಬದೊಳಗೆ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತ ಏರುತ್ತದೆ. ಎಂಜಿನ್ ಇಲ್ಲದ ಗ್ಲೈಡರಿನಲ್ಲಿ ಕುಳಿತ ಹವ್ಯಾಸಿಯೂ ಗಂಟೆಗಟ್ಟಲೆ ಮೇಲಿರುವುದು ಇದೇ ಉಪಾಯದಿಂದ.

ಹಕ್ಕಿಯನ್ನು ನೋಡಿ ಹಾರಲು ಹೊರಟವರಲ್ಲಿ ಜರ್ಮನಿಯ ಆಟೋ ಲಿಲಿಯೆಂತಾಲ್ ಮೊದಲಿಗರ ಸಾಲಿನವರು. 1891ರಿಂದ ಐದಾರು ವರ್ಷಗಳಲ್ಲಿ ತಾವೇ ಮಾಡಿದ ಗ್ಲೈಡರುಗಳಲ್ಲಿ ಸುಮಾರು ಎರಡು ಸಾವಿರ ಸಲ ಗುಡ್ಡದಿಂದ ತೇಲಿದರು. 1896ರ ಆಗಸ್ಟ್ 9ರಂದು ಗ್ಲೈಡರ್ ಸುಮಾರು 15 ಮೀಟರ್ ಎತ್ತರದಿಂದ ಬಿತ್ತು. ಮರುದಿನ ಅವರು ತೀರಿಕೊಂಡರು. ಆಗಿದ್ದೇನು? ರೆಕ್ಕೆ ಗಾಳಿಗೆ ಅತಿಯಾಗಿ ಓರೆಯಾದರೆ, ಸಾಮಾನ್ಯವಾಗಿ ಸುಮಾರು 15 ಡಿಗ್ರಿ ದಾಟಿದರೆ, ಮೇಲ್ಮೈಯ ಗಾಳಿ ರೆಕ್ಕೆಯನ್ನು ಬಿಟ್ಟು ಚದುರುತ್ತದೆ. ಎತ್ತುವ ಬಲ ಕುಸಿಯುತ್ತದೆ. ಇದನ್ನು ಸ್ಟಾಲ್ ಎನ್ನುತ್ತಾರೆ. ಟೇಬಲ್ ಫ್ಯಾನಿನ ಮುಂದೆ ರಟ್ಟಿನ ತುಂಡೊಂದನ್ನು ಹಿಡಿದು ಮೆಲ್ಲಗೆ ಓರೆ ಮಾಡುತ್ತಾ ಹೋಗಿ. ಮೊದಲು ಮೇಲೆತ್ತಿದ ಗಾಳಿ ಆಮೇಲೆ ಬರೀ ಹಿಂದಕ್ಕೆ ದಬ್ಬುವುದು ಕೈಗೇ ತಿಳಿಯುತ್ತದೆ.

ಆ ಸಾವಿನ ಸುದ್ದಿ ಸಾಗರದಾಚೆ ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರನ್ನು ಮುಟ್ಟಿತು. ಅವರು ಹೆದರಿ ಕೂರಲಿಲ್ಲ. ಅವನು ಏಕೆ ಬಿದ್ದ ಎಂದು ಕೇಳಿದರು. ತಮ್ಮ ವಿಮಾನದ ಮೂತಿಯನ್ನು ಏರಿಸಿ ಇಳಿಸುವ ಚುಕ್ಕಾಣಿಯನ್ನು ಮುಂಭಾಗದಲ್ಲಿಟ್ಟರು. ಅಂಥದೇ ಬೀಳುವಿಕೆಯಿಂದ ತಪ್ಪಿಸಿಕೊಳ್ಳುವುದು ಅದರ ಒಂದು ಉದ್ದೇಶವಾಗಿತ್ತು. 1903ರ ಡಿಸೆಂಬರ್ 17ರ ಗೆಲುವಿನಲ್ಲಿ ಸತ್ತವನದೂ ಒಂದು ಪಾಲಿದೆ.

ನಮ್ಮ ದೇಶದ ಪುಟದಲ್ಲೂ ಇಂಥ ಹೆಸರುಗಳಿವೆ. 1980ರ ಜೂನ್ 23ರಂದು ದೆಹಲಿಯಲ್ಲಿ ಪುಟ್ಟ ಕಸರತ್ತಿನ ವಿಮಾನವೊಂದು ಕೆಳಮಟ್ಟದಲ್ಲಿ ಹಾರುವಾಗ ಬಿತ್ತು. ಸಂಜಯ್ ಗಾಂಧಿ ಸತ್ತದ್ದು ಎಲ್ಲರಿಗೂ ಗೊತ್ತು. ಜೊತೆಗಿದ್ದ ದೆಹಲಿ ಫ್ಲೈಯಿಂಗ್ ಕ್ಲಬ್ಬಿನ ಕ್ಯಾಪ್ಟನ್ ಸುಭಾಷ್ ಸಕ್ಸೇನಾ? 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಏರಿದ ಸೆಸ್ನಾ 180 ವಿಮಾನ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ನಾಲ್ವರು ತೀರಿಕೊಂಡರು. ನಟಿ ಸೌಂದರ್ಯ ಅವರಿಗಾಗಿ ಇಡೀ ನಾಡು ಅತ್ತಿತು. ವಿಮಾನ ನಡೆಸಿದ ಜಾಯ್ ಫಿಲಿಪ್ಸ್ ಹೆಸರು ಎಷ್ಟು ಜನರ ನೆನಪಿನಲ್ಲಿದೆ?

ನಮ್ಮ ಕಲ್ಯಾಣ ಕರ್ನಾಟಕದ ಬೀದರಿನಲ್ಲೇ 1996ರಲ್ಲಿ ವಾಯುಪಡೆಯ ಸೂರ್ಯಕಿರಣ್ ತಂಡ ಹುಟ್ಟಿತು. ಅವರು ಹವ್ಯಾಸಿಗಳಲ್ಲ, ಸೈನಿಕರು. ಆದರೂ ನೋಡುವ ಮಕ್ಕಳ ಕಣ್ಣಲ್ಲಿ ಹಾರುವ ಆಸೆ ಬಿತ್ತಿದವರು ಅವರೇ. 2006ರಲ್ಲಿ ಬೀದರ್ ಬಳಿ ಧೀರಜ್ ಭಾಟಿಯಾ ಮತ್ತು ಶೈಲೇಂದರ್ ಸಿಂಗ್, 2009ರಲ್ಲಿ ಅಲ್ಲೇ ಧಾಲಿವಾಲ್, 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಸಾಹಿಲ್ ಗಾಂಧಿ, ಅಭ್ಯಾಸದ ಹಾರಾಟದಲ್ಲೇ ಪ್ರಾಣ ತೆತ್ತರು.

ಹೆಸರು ಉಳಿಯುವುದೆಂದರೇನು ಎಂದು ಕೇಳಲು ಮಸ್ಕಿಗಿಂತ ಒಳ್ಳೆಯ ಜಾಗವಿಲ್ಲ. ಇಲ್ಲಿನ ಬಂಡೆಯ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡುಹಿಡಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಇತ್ತು. ಅಶೋಕ ಎಂಬ ಹೆಸರು ಮೊದಲು ಕಂಡದ್ದು ಮಸ್ಕಿಯಲ್ಲಿ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮದಲ್ಲಿ ನಡೆದರೆ ಎತ್ತರಕ್ಕೇರಬಲ್ಲರು ಎಂಬುದು ಆ ಕಲ್ಲಿನ ಮಾತಿನ ಸಾರ. ಕಾಳಗದಲ್ಲಿ ಮಡಿದ ಸಾಮಾನ್ಯನಿಗೂ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ಪೈಲಟ್‌ಗೆ ಕಲ್ಲು ನಿಲ್ಲಿಸದಿದ್ದರೂ ಚಿಂತೆಯಿಲ್ಲ, ಅವನು ಏಕೆ ಬಿದ್ದ ಎಂಬುದನ್ನು ಮುಂದಿನವನು ಓದಿದರೆ ಸಾಕು.

ಇಂಥ ಕಥೆ ಮಕ್ಕಳಿಗೆ ಯಾಕ್ರೀ ಸರ್, ಹೆದರುತ್ತಾರೆ ಎಂದು ಪಾಲಕರು ಕೇಳುವುದುಂಟು. ಲಿಂಗಸುಗೂರು ಸೀಮೆಯವರಿಗೆ ಇದರ ಉತ್ತರ ಹಟ್ಟಿಯಲ್ಲೇ ಇದೆ. ಸಾವಿರಾರು ಅಡಿ ಆಳಕ್ಕಿಳಿದು ಚಿನ್ನದ ಅದಿರು ತೆಗೆಯುವವರ ಮನೆಗಳಲ್ಲಿ ಅಪಾಯವನ್ನು ಯಾರೂ ಮುಚ್ಚಿಡುವುದಿಲ್ಲ. ಅದು ಗೊತ್ತಿರುವುದರಿಂದಲೇ ತಲೆಗೆ ಹೆಲ್ಮೆಟ್ಟು, ಕೆಳಗೆ ಇಳಿದವರ ಲೆಕ್ಕ.

ಹಾರಾಟದಲ್ಲೂ ಲೆಕ್ಕವೇ ರಕ್ಷೆ. ಒತ್ತಡ ಅಷ್ಟೇ ಇದ್ದರೂ, 15 ಡಿಗ್ರಿ ಸೆಲ್ಸಿಯಸ್‌ನ ಗಾಳಿಗೆ ಹೋಲಿಸಿದರೆ ನಮ್ಮ ಬೇಸಿಗೆಯ 42 ಡಿಗ್ರಿಯ ಗಾಳಿಯ ಸಾಂದ್ರತೆ ನೂರಕ್ಕೆ ಎಂಟೊಂಬತ್ತು ಪಾಲು ಕಡಿಮೆ. ಅಂದರೆ ಅದೇ ಭಾರ ಎತ್ತಲು ವಿಮಾನ ಹೆಚ್ಚು ವೇಗ ಪಡೆಯಬೇಕು, ಹೆಚ್ಚು ದೂರ ಓಡಬೇಕು. ಈ ಲೆಕ್ಕಕ್ಕೆ ಬೇಕಾದ ಅನಿಲ ನಿಯಮ ಶಾಲೆಯ ಪುಸ್ತಕದಲ್ಲೇ ಇದೆ. ಅಂಕಕ್ಕಾಗಿ ಬಾಯಿಪಾಠ ಮಾಡಿದವನಿಗೆ ಅದು ಒಂದು ಸಾಲು, ಪೈಲಟ್‌ಗೆ ಪ್ರಾಣ.

ಆದ್ದರಿಂದ ನಿಮ್ಮ ಮಗನೋ ಮಗಳೋ ಪೈಲಟ್ ಆಗುತ್ತೇನೆ ಎಂದರೆ ಕೂಡಲೇ ಬೇಡ ಎನ್ನಬೇಡಿ, ಕೂಡಲೇ ಭೇಷ್ ಎಂದೂ ಅನ್ನಬೇಡಿ. ಲಿಲಿಯೆಂತಾಲ್ ಏಕೆ ಬಿದ್ದ ಎಂದು ಕೇಳಿ. ಪುಸ್ತಕ ತೆಗೆದು, ರಟ್ಟು ಓರೆ ಮಾಡಿ, ಮನೆಯವರಿಗೆಲ್ಲ ಅರ್ಥವಾಗುವಂತೆ ಹೇಳಿತೆಂದರೆ ಆ ಮಗು ಅರ್ಧ ದಾರಿ ಬಂದಂತೆ. ಹೋದವರನ್ನು ನೆನೆಯುವ ಬಗೆಯೂ ಅದೇ.