ಕಾಡಲ್ಲಿ ಟೆಂಟ್ ಹಾಕೋ ಮುಂಚೆ



ಸ್ವಲ್ಪ ಉದ್ದ ಬರೆದಿದ್ದೀನಿ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಭಾನುವಾರದ ಓದು ಬಳಗಕ್ಕೆ ವಿಜಯನಗರ, ಕಾಮಾಕ್ಷಿಪಾಳ್ಯ, ಕೆಂಗೇರಿ ಕಡೆಯಿಂದ ಹತ್ತು ಹನ್ನೆರಡು ಮಕ್ಕಳು ಬರ್ತಾರೆ. ಅರ್ಧ ಮಕ್ಕಳ ಅಮ್ಮಂದಿರು ಪೌರಕಾರ್ಮಿಕರು. ಒಂದಿನ ಕೆಂಗೇರಿ ಹುಡುಗ ಕೇಳಿದ: "ಅಣ್ಣಾ, ತುರಹಳ್ಳಿ ಕಾಡಲ್ಲಿ ಟೆಂಟ್ ಹಾಕ್ಕೊಂಡು ಒಂದ್ ರಾತ್ರಿ ಇರೋಣ್ವಾ? ಸರ್ಕಾರಿ ಕಾಡು ತಾನೇ, ನಮ್ದೂ ಅಲ್ವಾ?"

ಪ್ರಶ್ನೆ ನ್ಯಾಯವಾದದ್ದೇ. ಅವತ್ತು ಪುಸ್ತಕ ಬದಿಗಿಟ್ಟು ಕಾನೂನು ತೆಗೆದು ಕೂತ್ವಿ. ಕರ್ನಾಟಕ ಅರಣ್ಯ ಕಾಯ್ದೆ, 1963. ಅದರ 24ನೇ ಕಲಂ ಪ್ರಕಾರ ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ನುಗ್ಗೋದು, ಬೆಂಕಿ ಹಚ್ಚೋದು, ಮರ ಕಡಿಯೋದು ಅಪರಾಧ. ಅಭಯಾರಣ್ಯವಾದ್ರೆ 1972ರ ವನ್ಯಜೀವಿ ಕಾಯ್ದೆ ಇನ್ನೂ ಬಿಗಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಜಾತ್ರೆ ಥರ ನುಗ್ಗಿದ ಮೇಲೆ ಇಲಾಖೆ ಚಾರಣ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ತಂತು. ಆದ್ರೆ ಚಾರಣದ ಟಿಕೆಟ್ ಅಂದ್ರೆ ರಾತ್ರಿ ಮಲಗೋಕೆ ಅನುಮತಿ ಅಲ್ಲ. ಕಾಡು ಸರ್ಕಾರದ್ದು ಅಂದ ಮಾತ್ರಕ್ಕೆ ಎಲ್ಲಿ ಬೇಕಾದ್ರೂ ಟೆಂಟ್ ಹಾಕೋ ಹಂಗಿಲ್ಲ.

ಇದನ್ನ ಮಕ್ಕಳಿಗೆ ಹೇಳುವಾಗ ನನ್ನ ಗಂಟಲು ಸ್ವಲ್ಪ ಕಟ್ಟಿತು. ಈ ಕಾನೂನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ. ನಾನು ಚಿಕ್ಕವನಿದ್ದಾಗ ಅಮ್ಮನ ಜೊತೆ ಊರ ಪಕ್ಕದ ಕಾಡಿಗೆ ಪುಳ್ಳೆ ಸೌದೆಗೆ ಹೋಗಿದ್ದೆ. ಗಾರ್ಡ್ ಹೊರೆ ಬಿಚ್ಚಿಸಿ, ಕುಡುಗೋಲು ಕಿತ್ತುಕೊಂಡ. ಅಮ್ಮ "ಬುದ್ದೀ, ಬುದ್ದೀ" ಅಂತ ಕೈಮುಗಿದಳು. ಆಮೇಲೆ ಎಷ್ಟೋ ದಿನ ಪಕ್ಕದ ಮನೆಯವರ ಹತ್ರ ಕುಡುಗೋಲು ಕೇಳಿ ತರ್ತಿದ್ದಳು. ಅವಳು ಆಯ್ದದ್ದು ಒಣಗಿ ಬಿದ್ದ ಕಡ್ಡಿ, ಮುದ್ದೆ ಬೇಯಿಸೋಕೆ.

2006ರ ಅರಣ್ಯ ಹಕ್ಕು ಕಾಯ್ದೆ ಬಂದಿದೆ, ನಿಜ. ಆದ್ರೆ ಬುಡಕಟ್ಟಿನವರಲ್ಲದ ಕಾಡಂಚಿನ ಕುಟುಂಬ ಹಕ್ಕು ಕೇಳಬೇಕಾದ್ರೆ 2005ರ ಡಿಸೆಂಬರ್ 13ಕ್ಕೂ ಹಿಂದೆ ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲೇ ಬದುಕಿದ್ದೆವು ಅಂತ ತೋರಿಸಬೇಕು. ನಮ್ಮ ತಾತಂದಿರ ಕೈಲಿ ಯಾವ ಕಾಗದ ಇತ್ತು?

ಹಂಗಂತ ನಿಯಮ ಮುರಿಯೋಣ ಅಂತ ನಾನು ಹೇಳಲಿಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿ ಆರಿಸೋಕೆ ಹೋದ ಅರಣ್ಯ ರಕ್ಷಕರೊಬ್ಬರು ಸತ್ತರು. ಕಾಡಿಗೆ ಕಿಚ್ಚು ಬಿದ್ರೆ ಹಸಿ ಸೊಪ್ಪು ಹಿಡಿದು ಮೊದಲು ಓಡೋದು ದಿನಗೂಲಿ ವಾಚರ್‌ಗಳು. ಅವರೂ ಬಡವರ ಮಕ್ಕಳೇ.

ಕೊನೆಗೆ ಸಾವನದುರ್ಗದ ಕಡೆ, ಕಾಡಂಚಿನಲ್ಲಿ ಪರಿಚಯದವರ ಹೊಲದಲ್ಲಿ ಅವರನ್ನ ಕೇಳಿಕೊಂಡು ಮಲಗಿದ್ವಿ. ಬೆಂಕಿ ಹಾಕಲಿಲ್ಲ. ಚಪಾತಿ, ಚಿತ್ರಾನ್ನ, ಚಟ್ನಿಪುಡಿ ಮನೆಯಿಂದಲೇ. ಮಕ್ಕಳು ಅಷ್ಟೊಂದು ನಕ್ಷತ್ರ ನೋಡಿದ್ದು ಅದೇ ಮೊದಲು.

ಸ್ವಲ್ಪ ದೂರದಲ್ಲಿ ಇನ್ನೊಂದು ಗುಂಪು ಟೆಂಟ್ ಹಾಕಿತ್ತು. ರಾತ್ರಿಯೆಲ್ಲ ಸ್ಪೀಕರ್. ಬೆಳಗ್ಗೆ ಅವರು ಹೊರಟ ಜಾಗದಲ್ಲಿ ತಟ್ಟೆ, ಬಾಟಲಿ, ಒರೆಸಿ ಬಿಸಾಕಿದ ಟಿಶ್ಯೂ. ಬಂಡೆ ಹಿಂದೆ ಮುಚ್ಚದೇ ಬಿಟ್ಟ ಹೇಲು. ಗೋಣಿಚೀಲ ಹಿಡಿದು ಒಬ್ಬ ಅಜ್ಜಿ ಬಂದರು. ನಾವು ಕೈ ಹಾಕಿದ್ರೆ "ಬುಡಿ ಸಾಮಿ, ನಮ್ ಕೆಲ್ಸ ಅಲ್ವಾ" ಅಂದರು. ಅವರು ಯಾವ ಕೇರಿಯವರು ಅಂತ ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ನಾನು ಸಿಟ್ಟಲ್ಲಿ ಭಾಷಣ ಶುರು ಮಾಡಿದೆ. ನಾವು ನಮ್ಮ ಕಸ ಎಲ್ಲ ಒಂದೇ ಕವರಿಗೆ ತುಂಬಿ ತರ್ತಾ ಇದ್ದೀವಿ, ನೋಡಿ ಅಂದೆ. ಆಗ ಬಸವೇಶ್ವರನಗರದಲ್ಲಿ ಕಸ ಎತ್ತೋ ತಾಯಿಯ ಮಗಳು ಮೆಲ್ಲಗೆ ಅಂದಳು: "ಅಣ್ಣಾ, ಹಿಂಗೆ ಎಲ್ಲಾ ಕಲಸಿ ಬೆಂಗಳೂರಲ್ಲಿ ಹಾಕಿದ್ರೆ, ನಾಳೆ ಅದನ್ನ ಕೈಲಿ ಬಿಡಿಸೋದು ನಮ್ಮಮ್ಮಾನೇ."

ನನ್ನ ಭಾಷಣ ಅಲ್ಲಿಗೇ ನಿಂತಿತು. ರಸ್ತೆ ಪಕ್ಕ ಕೂತು ಕವರ್ ಸುರಿದು, ಹಸಿ ಬೇರೆ ಒಣ ಬೇರೆ ಮಾಡಿದ್ವಿ. ಬಾಬಾಸಾಹೇಬರ ಫೋಟೋ ಗೋಡೆ ಮೇಲಿಟ್ಟುಕೊಂಡು ಇಷ್ಟು ವರ್ಷ ಮಾತಾಡಿದ ನಾನೂ ನನ್ನ ಕೊಳೆಯನ್ನ ಇನ್ನೊಬ್ಬರ ಕೈಗೆ ದಾಟಿಸ್ತಿದ್ದೆ.

ಬರೋ ದಾರೀಲಿ ಮಕ್ಕಳೇ ಬರೆದ ನಿಯಮಗಳು ಇವು:

1. ಅನುಮತಿ ಇಲ್ಲದ ಕಾಡಲ್ಲಿ ಮಲಗಲ್ಲ. ವಾಚರ್ ಬೇಡ ಅಂದ್ರೆ ಬೇಡ. ಅವರನ್ನ "ಅಣ್ಣಾ", "ಬನ್ನಿ" ಅಂತಲೇ ಮಾತಾಡಿಸ್ತೀವಿ.
2. ಬೆಂಕಿ ಇಲ್ಲ, ಸ್ಪೀಕರ್ ಇಲ್ಲ, ಕುಡಿತ ಇಲ್ಲ.
3. ಹೊರಕಡೆ ಹೋಗಬೇಕಾದ್ರೆ ಕೆರೆ, ಹಳ್ಳದಿಂದ ಕನಿಷ್ಠ ನೂರು ಹೆಜ್ಜೆ ದೂರ. ಗೇಣುದ್ದ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚೋದು ಅವರವರೇ.
4. ತಂದ ಕಸ ವಾಪಸ್. ಹಸಿ, ಒಣ ಬೇರೆ ಬೇರೆ. ಪ್ಯಾಡ್ ಪೇಪರಲ್ಲಿ ಸುತ್ತಿ ಕೆಂಪು ಗುರುತು ಹಾಕಿ.
5. ಯಾರ ಕೆಲಸವೂ "ಅವರ ಕೆಲಸ" ಅಲ್ಲ.

ಕ್ಯಾಂಪಿಂಗ್ ಮಾಡೋರು "ಗುರುತು ಬಿಡದೆ ಬನ್ನಿ" ಅಂತಾರೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ತಮ್ಮ ಹೆಜ್ಜೆ ತಾವೇ ಗುಡಿಸೋಕೆ ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕಿತ್ತು ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಗುರುತು ಅಳಿಸೋದನ್ನ ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಕಾಡಿಗೆ ಹೋಗೋ ಪ್ರತಿಯೊಬ್ಬರೂ ತಮ್ಮ ಗುರುತನ್ನ ತಾವೇ ಅಳಿಸಲಿ, ಇನ್ನೊಬ್ಬರ ಸೊಂಟಕ್ಕೆ ಪೊರಕೆ ಕಟ್ಟೋದು ಬೇಡ.

ಮುಂದಿನ ಸಲ ಹೋಗುವಾಗ ಅಮ್ಮಂದಿರನ್ನೂ ಕರ್ಕೊಂಡು ಹೋಗೋಣ ಅಂತ ಮಕ್ಕಳು ತೀರ್ಮಾನ ಮಾಡಿದ್ದಾರೆ. ಆ ದಿನ ಅವರು ಏನನ್ನೂ ಎತ್ತೋ ಹಂಗಿಲ್ಲ, ಸುಮ್ನೆ ನಕ್ಷತ್ರ ನೋಡ್ಬೇಕು. ಟೆಂಟ್, ಚಾಪೆ, ಕಂಬಳಿ ಇರೋರು ತಿಳಿಸಿ.

ಜೈ ಭೀಮ್.